ಕೈಯಾರೆ ತುಂಬಿದ ತೋಟೆ, ಒಂದೇ ವೇಗದ ಗುಂಡು

ರೈಫಲ್ಲಿನ ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂರುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಕೇಸು ಮಾತ್ರ. ಅದನ್ನು ಹೆಕ್ಕಿಟ್ಟುಕೊಂಡು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಹೊಸ ಗುಂಡು ಒತ್ತಿ ಮತ್ತೆ ತೋಟೆ ಮಾಡಿಕೊಳ್ಳುವುದು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯದ ಗುರಿಕಾರರಲ್ಲಿ ಹಳೆಯ ಹವ್ಯಾಸ. ಮೊದಮೊದಲು ಇದು ಕಾಸು ಉಳಿಸುವ ದಾರಿಯಾಗಿತ್ತು. ಈಗ ದೂರದ ಗುರಿಗೆ ಹೊಡೆಯುವವರು ಗಂಟೆಗಟ್ಟಲೆ ಮೇಜಿನ ಮುಂದೆ ಕೂರುವುದಕ್ಕೆ ಕಾರಣ ಬೇರೆ. ಒಂದರ ಹಿಂದೊಂದು ಹಾರುವ ಗುಂಡುಗಳೆಲ್ಲ ನಳಿಗೆಯ ಬಾಯಿಂದ ಒಂದೇ ವೇಗದಲ್ಲಿ ಹೊರಬೀಳಬೇಕು ಎಂಬುದು ಅವರ ಹಟ. ಗುಂಡು ಎಷ್ಟು ವೇಗವಾಗಿ ಹೋಯಿತು ಎನ್ನುವುದಕ್ಕಿಂತ ಹಿಂದಿನ ಗುಂಡಿನಷ್ಟೇ ವೇಗವಾಗಿ ಹೋಯಿತೇ ಎನ್ನುವುದು ಅವರಿಗೆ ದೊಡ್ಡ ಪ್ರಶ್ನೆ.

ಈ ಹಟಕ್ಕೆ ಅರ್ಥವಿದೆಯೇ ಎನ್ನುವುದು ಗುರಿ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ. 1952ರಲ್ಲಿ ಮಾರುಕಟ್ಟೆಗೆ ಬಂದ .308 ವಿಂಚೆಸ್ಟರ್ ತೋಟೆಯನ್ನೇ ತೆಗೆದುಕೊಳ್ಳಬಹುದು. 175 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2,600 ಅಡಿ, ಅಂದರೆ ಸುಮಾರು 790 ಮೀಟರ್ ವೇಗದಲ್ಲಿ ಹೊರಟಿತು ಎಂದುಕೊಳ್ಳೋಣ. 100 ಗಜ ದಾಟುವಷ್ಟರಲ್ಲಿ ಅದು ನಳಿಗೆಯ ನೇರದಿಂದ ಕೆಳಗಿಳಿಯುವುದು ಮೂರು ಇಂಚಿಗಿಂತ ಕಡಿಮೆ. ವೇಗದಲ್ಲಿ 10 ಅಡಿ ಹೆಚ್ಚುಕಮ್ಮಿಯಾದರೆ ಗುರಿಹಲಗೆಯ ಮೇಲೆ ಆಗುವ ವ್ಯತ್ಯಾಸ ಅರ್ಧ ಮಿಲಿಮೀಟರಿನಷ್ಟು, ಕಣ್ಣಿಗೇ ಕಾಣದು. ಅದೇ ಗುಂಡು 1,000 ಗಜ ಮುಟ್ಟುವಾಗ ಹತ್ತು ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಅಲ್ಲಿ ಅದೇ 10 ಅಡಿಯ ವ್ಯತ್ಯಾಸ ಗುಂಡನ್ನು ಮೂರು ನಾಲ್ಕು ಇಂಚು ಮೇಲೋ ಕೆಳಗೋ ಸರಿಸುತ್ತದೆ. ಗುಂಡುಗಳ ನಡುವೆ 30 ಅಡಿಯ ಅಂತರವಿದ್ದರೆ ಎಲ್ಲಕ್ಕಿಂತ ಮೇಲಿನ ತೂತಿಗೂ ಕೆಳಗಿನ ತೂತಿಗೂ ನಡುವೆ 10 ಇಂಚಿಗೆ ಕಡಿಮೆಯಿಲ್ಲ. ಅಮೆರಿಕದ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ಆ ದೂರದ ಗುರಿಹಲಗೆಯ ಹತ್ತು ಅಂಕದ ವೃತ್ತದ ಅಡ್ಡಳತೆಯೇ 10 ಇಂಚು. ಗುರಿಕಾರನ ಕೈ ಎಳ್ಳಷ್ಟೂ ಅಲುಗದಿದ್ದರೂ, ಗಾಳಿ ಒಂಚೂರೂ ಬೀಸದಿದ್ದರೂ ವೃತ್ತವೆಲ್ಲ ವೇಗದ ಏರಿಳಿತಕ್ಕೇ ಖರ್ಚಾಗಿಹೋಗುತ್ತದೆ. ಗಾಳಿ ಗುಂಡನ್ನು ಮುಖ್ಯವಾಗಿ ಅಡ್ಡಕ್ಕೆ ತಳ್ಳುತ್ತದೆ, ವೇಗದ ಏರಿಳಿತ ಲಂಬಕ್ಕೆ ಚದುರಿಸುತ್ತದೆ. ಹಾಗಾಗಿ ಗುರಿಹಲಗೆಯ ಮೇಲೆ ಮೇಲೆ-ಕೆಳಗೆ ಉದ್ದಕ್ಕೆ ಹರಡಿದ ತೂತುಗಳನ್ನು ಕಂಡ ಕೂಡಲೇ ಅನುಭವಿಗಳು ತೋಟೆಯ ಕಡೆಗೆ ಬೆರಳು ತೋರಿಸುತ್ತಾರೆ.

ಇದು ಹೊಸ ಚಿಂತೆಯಲ್ಲ. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳು 800, 900, 1,000 ಗಜ ದೂರಗಳಲ್ಲಿ ಸೆಣಸಿದವು. ಐರಿಷರ ಕೈಯಲ್ಲಿ ರಿಗ್ಬಿ ಕಂಪನಿಯ ಬಾಯಿಂದ ಈಡು ತುಂಬುವ ರೈಫಲ್ಲುಗಳಿದ್ದವು. ಅಮೆರಿಕನ್ನರು ತಂದಿದ್ದು ರೆಮಿಂಗ್ಟನ್ ಮತ್ತು ಶಾರ್ಪ್ಸ್ ಕಂಪನಿಗಳ, ಹಿಂಬದಿಯಿಂದ ತೋಟೆ ಹಾಕುವ ರೈಫಲ್ಲುಗಳನ್ನು. ಅಮೆರಿಕ 934–931 ಅಂಕಗಳಿಂದ ಗೆದ್ದಿತು. ಒಬ್ಬ ಐರಿಷ್ ಗುರಿಕಾರ ಪಕ್ಕದವರ ಗುರಿಹಲಗೆಗೆ ಹೊಡೆದು ಒಂದು ಈಡು ಕಳೆದುಕೊಳ್ಳದೇ ಹೋಗಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು. ಆ ಮೈದಾನದ ಹೆಸರು ಈಗ ಉಳಿದಿರುವುದು 2007ರಲ್ಲಿ ಹಾರ್ನಡಿ ಕಂಪನಿ ಹೊರತಂದ 6.5 ಕ್ರೀಡ್‌ಮೂರ್ ಎಂಬ ತೋಟೆಯಲ್ಲಿ. ದೂರದ ಗುರಿಗೆಂದೇ ತೋಟೆ ತುಂಬಿಕೊಳ್ಳುವವರಲ್ಲಿ ಇಂದು ಇದರ ಹೆಸರು ಕೇಳದವರಿಲ್ಲ.

ವೇಗ ಒಂದೇ ಇರಬೇಕಾದರೆ ಮೊದಲು ಅದನ್ನು ಅಳೆಯಲು ಬರಬೇಕು. ಆ ದಾರಿ ತೆರೆದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ಗ್ರಂಥ ಫಿರಂಗಿ ವಿದ್ಯೆಯನ್ನು ಅಂದಾಜಿನಿಂದ ಲೆಕ್ಕಕ್ಕೆ ತಂದಿತು. ಅವನ ಉಪಕರಣ ಸರಳವಾಗಿತ್ತು. ಭಾರವಾದ ಲೋಲಕವೊಂದನ್ನು ಮುಕ್ಕಾಲಿಗೆ ತೂಗುಹಾಕಿ, ಅದಕ್ಕೆ ಮರದ ಹಲಗೆ ಬಡಿದು, ಹಲಗೆಗೆ ಗುಂಡು ಹೊಡೆಯುವುದು. ಲೋಲಕ ಹಿಂದಕ್ಕೆ ತೂಗುವಾಗ ತನ್ನ ಜೊತೆ ಒಂದು ಪಟ್ಟಿಯನ್ನು ಎಳೆದೊಯ್ಯುತ್ತಿತ್ತು. ಪಟ್ಟಿ ಎಷ್ಟು ಉದ್ದ ಹೊರಬಂತು ಎಂದು ನೋಡಿದರೆ ಲೋಲಕ ಎಷ್ಟು ತೂಗಿತು ಎಂದು ಗೊತ್ತಾಗುತ್ತದೆ, ಅದರಿಂದ ಗುಂಡಿನ ವೇಗ ಸಿಗುತ್ತದೆ. ಆ ಕಾಲದ ಮಸ್ಕೆಟ್ಟಿನ ಗುಂಡು ಸೆಕೆಂಡಿಗೆ 1,600 ಅಡಿಗೂ ಮಿಕ್ಕಿ ಹೋಗುತ್ತದೆ, ಗಾಳಿಯ ತಡೆ ಅದುವರೆಗೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಎಂಬ ಎರಡು ಸಂಗತಿಗಳು ಈ ತೂಗಾಟದಿಂದ ಹೊರಬಿದ್ದವು. 1745ರಲ್ಲಿ ಆಯ್ಲರ್‌ನಂಥ ಮಹಾ ಗಣಿತಜ್ಞನೇ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಅದರ ಕೋಟೆಗಳನ್ನು ಗಟ್ಟಿಮಾಡಲು ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರಕ್ಕೆ ಬಲಿಯಾದ.

ಲೋಲಕದ ನಂತರ ಬಂದ ದೊಡ್ಡ ಹೆಜ್ಜೆ ಬೆಲ್ಜಿಯಂನ ಫಿರಂಗಿದಳದ ಅಧಿಕಾರಿ ಲೆ ಬೂಲಾಂಜೆ 1860ರ ದಶಕದಲ್ಲಿ ರೂಪಿಸಿದ ಕ್ರೊನೊಗ್ರಾಫ್. ವಿದ್ಯುದಯಸ್ಕಾಂತಗಳಿಗೆ ಉದ್ದದ್ದೊಂದು, ಗಿಡ್ಡದ್ದೊಂದು ಸರಳು ಅಂಟಿಕೊಂಡು ತೂಗುತ್ತಿರುತ್ತವೆ. ಗುಂಡು ಮೊದಲ ತಂತಿಯನ್ನು ಕತ್ತರಿಸಿದಾಗ ಉದ್ದ ಸರಳು ಬೀಳತೊಡಗುತ್ತದೆ. ಎರಡನೇ ತಂತಿ ತುಂಡಾದಾಗ ಗಿಡ್ಡ ಸರಳು ಬಿದ್ದು ಒಂದು ಚಾಕುವನ್ನು ಬಿಡಿಸುತ್ತದೆ. ಚಾಕು ಚಿಮ್ಮಿ, ಇನ್ನೂ ಬೀಳುತ್ತಲೇ ಇರುವ ಉದ್ದ ಸರಳಿನ ಮೇಲೆ ಗಾಯ ಮಾಡುತ್ತದೆ. ಗಾಯ ಎಷ್ಟು ಮೇಲಿದೆ ಎನ್ನುವುದೇ ಕಾಲದ ಅಳತೆ. ಗುರುತ್ವಾಕರ್ಷಣೆಯನ್ನೇ ಗಡಿಯಾರ ಮಾಡಿಕೊಂಡ ಈ ಸಾಧನ ಫಿರಂಗಿ ಪರೀಕ್ಷಾ ಮೈದಾನಗಳಲ್ಲಿ ದಶಕಗಳ ಕಾಲ ಬಾಳಿತು. ಸಾಮಾನ್ಯ ಹವ್ಯಾಸಿಯ ಕೈಗೆ ವೇಗಮಾಪಕ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಟೆಕ್ಸಾಸ್‌ನ ಆಸ್ಟಿನ್ ನಗರದ ಕೆನ್ ಓಹ್ಲರ್ ಅವರ ಕಂಪನಿ ತಯಾರಿಸಿದ, ಗುಂಡಿನ ನೆರಳನ್ನು ಹಿಡಿಯುವ ಬೆಳಕಿನ ಕಣ್ಣುಗಳು ಮನೆಮಾತಾದವು. ಈಗಿನ ಕಾಲ ಡಾಪ್ಲರ್ ರೇಡಾರಿನದು. 2023ರಲ್ಲಿ ಬಂದ ಗಾರ್ಮಿನ್ ಕಂಪನಿಯ ಪುಟ್ಟ ಯಂತ್ರ ಅಂಗೈಯಲ್ಲಿ ಹಿಡಿಸುತ್ತದೆ. ರೈಫಲ್ಲಿನ ಪಕ್ಕದಲ್ಲಿಟ್ಟು ಗುಂಡು ಹೊಡೆದರೆ ಸಾಕು, ಅಂಕಿ ತೆರೆಯ ಮೇಲೆ. ಅಳೆಯುವುದು ಇಷ್ಟು ಸಲೀಸಾದದ್ದರಿಂದಲೇ ವೇಗದ ಏರಿಳಿತದ ಬಗ್ಗೆ ಚರ್ಚೆಯೂ ಹೆಚ್ಚಿತು, ಗೊಂದಲವೂ ಹೆಚ್ಚಿತು.

ಏರಿಳಿತ ಹುಟ್ಟುವ ಜಾಗ ಕೇಸಿನ ಒಳಗೆ. ಸೂಜಿ ಕೇಪಿಗೆ ಬಡಿದಾಗ ಅದರ ಕಿಡಿ ಪುಟ್ಟ ರಂಧ್ರದ ಮೂಲಕ ಮದ್ದಿನ ಮೇಲೆ ಹಾಯುತ್ತದೆ. ಅಲ್ಲಿಂದ ಗುಂಡು ನಳಿಗೆ ಬಿಡುವವರೆಗೆ ಹಿಡಿಯುವ ಸಮಯ ಸೆಕೆಂಡಿನ ಸಾವಿರದ ಒಂದೆರಡು ಭಾಗ. ಹೊಗೆಯಿಲ್ಲದ ಮದ್ದನ್ನು 1884ರಲ್ಲಿ ಕಂಡುಹಿಡಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಪಾಲ್ ವಿಯೆಯ್, ಅದು ಉರಿಯುವ ನಿಯಮವನ್ನೂ ಹೇಳಿದ: ಸುತ್ತಲಿನ ಒತ್ತಡ ಏರಿದಂತೆ ಮದ್ದು ಉರಿಯುವ ವೇಗವೂ ಏರುತ್ತದೆ. ಉರಿದರೆ ಒತ್ತಡ, ಒತ್ತಡ ಏರಿದರೆ ಇನ್ನಷ್ಟು ಉರಿ. ಈ ಸರಪಣಿಯ ಆರಂಭದಲ್ಲಿ ಆಗುವ ಸಣ್ಣ ವ್ಯತ್ಯಾಸ ಕೊನೆಗೆ ದೊಡ್ಡದಾಗಿ ಕಾಣುತ್ತದೆ. ಗುಂಡನ್ನು ಕೇಸಿನ ಕತ್ತು ಎಷ್ಟು ಬಿಗಿಯಾಗಿ ಹಿಡಿದಿತ್ತು, ಕೇಪಿನ ಕಿಡಿ ಎಷ್ಟು ಜೋರಿತ್ತು, ಕೇಸಿನೊಳಗೆ ಎಷ್ಟು ಜಾಗವಿತ್ತು, ಮದ್ದು ಎಷ್ಟು ಬಿಸಿಯಿತ್ತು ಇವೆಲ್ಲ ಲೆಕ್ಕಕ್ಕೆ ಬರುವುದು ಆ ಮೊದಲ ಗಳಿಗೆಯಲ್ಲೇ.

ಹೊಸಬರು ಮೊದಲು ದುಡ್ಡು ಸುರಿಯುವುದು ತಕ್ಕಡಿಗೆ. ಮದ್ದಿನ ತೂಕದ ಮಾನ ಗ್ರೇನ್. 7,000 ಗ್ರೇನ್ ಒಂದು ಪೌಂಡ್; ಒಂದು ಗ್ರೇನ್ 0.0648 ಗ್ರಾಂ, ಹೆಚ್ಚುಕಡಿಮೆ ಅರ್ಧ ಗುಲಗಂಜಿ. .308ರಂಥ ತೋಟೆಯಲ್ಲಿ ಒಂದು ಗ್ರೇನ್ ಮದ್ದು ಹೆಚ್ಚಿಸಿದರೆ ವೇಗ ಸುಮಾರು 50 ಅಡಿ ಏರುತ್ತದೆ. ಅಂದರೆ ಒಂದು ಗ್ರೇನಿನ ಹತ್ತನೇ ಒಂದು ಭಾಗಕ್ಕೆ 5 ಅಡಿ. ಕಡ್ಡಿಯಾಕಾರದ ಮದ್ದಿನ ಒಂದು ತುಣುಕಿನ ತೂಕ 0.02 ಗ್ರೇನಿನ ಆಸುಪಾಸು ಇರುವುದರಿಂದ ಒಂದು ತುಣುಕಿಗೆ ಒಂದು ಅಡಿ ಎನ್ನಬಹುದು. ಸಾಧಾರಣ ಡಿಜಿಟಲ್ ತಕ್ಕಡಿಗಳು ಲೋಡ್ ಸೆಲ್ ಬಳಸುವಂಥವು. ಕೋಣೆಯ ಉಷ್ಣತೆ ಬದಲಾದರೆ, ಫ್ಯಾನ್ ಗಾಳಿ ತಾಗಿದರೆ, ಅವುಗಳ ಸೊನ್ನೆಯೇ ಮೆಲ್ಲನೆ ಜಾರುತ್ತದೆ. ಅಯಸ್ಕಾಂತದ ಬಲದಿಂದ ತಟ್ಟೆಯನ್ನು ಸಮತೋಲದಲ್ಲಿ ನಿಲ್ಲಿಸುವ ಪ್ರಯೋಗಾಲಯದ ತಕ್ಕಡಿಗಳು ಒಂದೊಂದು ತುಣುಕನ್ನೂ ಗುರುತಿಸುತ್ತವೆ. ಜಪಾನಿನ ಎ ಅಂಡ್ ಡಿ ಕಂಪನಿಯ ಎಫ್‌ಎಕ್ಸ್-120ಐ ಈ ಜಾತಿಯದು. ಗುರಿಕಾರರ ಮೇಜುಗಳ ಮೇಲೆ ಅದಕ್ಕೆ ಈಗ ಪೂಜ್ಯಸ್ಥಾನ.

ಪೂಜೆ ಸ್ವಲ್ಪ ಅತಿಯಾಯಿತೇನೋ. ಸ್ವತಂತ್ರ ಕಾರಣಗಳಿಂದ ಬರುವ ಏರಿಳಿತಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ಕೇಪು, ಕತ್ತಿನ ಬಿಗಿ, ಕೇಸಿನ ಜಾಗ ಎಲ್ಲ ಸೇರಿ ಒಂದು ತೋಟೆಯಲ್ಲಿ 8 ಅಡಿಯ ಮಾನಕ ವಿಚಲನೆ (ಸರಾಸರಿಯ ಆಚೀಚೆ ವೇಗ ಎಷ್ಟು ಹರಡಿದೆ ಎಂಬುದರ ಅಳತೆ) ಇದೆ, ತಕ್ಕಡಿಯ ತಪ್ಪಿನಿಂದ ಬರುವುದು 3 ಅಡಿ ಎಂದಿಟ್ಟುಕೊಳ್ಳಿ. 64ಕ್ಕೆ 9 ಕೂಡಿಸಿದರೆ 73. ಅದರ ವರ್ಗಮೂಲ ಸುಮಾರು 8.5. ಈಗ ಬೆಲೆಬಾಳುವ ತಕ್ಕಡಿ ತಂದು ಮದ್ದಿನ ತೂಕದ ತಪ್ಪನ್ನು ಸೊನ್ನೆಗೇ ಇಳಿಸಿದರೂ ಒಟ್ಟು ಏರಿಳಿತ 8.5ರಿಂದ 8ಕ್ಕೆ ಬಂದೀತು, ಅಷ್ಟೇ. ದೊಡ್ಡ ಕಾರಣವನ್ನು ಬಿಟ್ಟು ಚಿಕ್ಕದನ್ನು ಎಷ್ಟು ಉಜ್ಜಿದರೂ ಫಲ ಸಿಗದಿರುವುದಕ್ಕೆ ಈ ಗಣಿತವೇ ಕಾರಣ. ತೂಕದ ತಪ್ಪು ಹತ್ತನೇ ಒಂದು ಗ್ರೇನಿನೊಳಗೆ ಬಂದಮೇಲೆ ಕಣ್ಣು ಹಾಯಿಸಬೇಕಾದದ್ದು ಹಿತ್ತಾಳೆಯ ಕಡೆಗೆ.

ತೋಟೆಯ ಹಿತ್ತಾಳೆ ಎಂದರೆ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಹೊಡೆದಾಗ ಕೇಸು ಉಬ್ಬಿ, ನಳಿಗೆಯ ಬುಡದಲ್ಲಿ ತೋಟೆ ಕೂರುವ ಚೇಂಬರಿಗೆ ಅಂಟುತ್ತದೆ. ಮನೆಯಲ್ಲಿ ಡೈ ಒಳಗೆ ಒತ್ತಿ ಅದನ್ನು ಮತ್ತೆ ಚಿಕ್ಕದು ಮಾಡುತ್ತಾರೆ. ಪ್ರತಿ ಸಲ ಹಿಗ್ಗಿ ಕುಗ್ಗುವಾಗಲೂ ಲೋಹ ಗಡುಸಾಗುತ್ತ ಹೋಗುತ್ತದೆ. ಗಡುಸಾದ ಕತ್ತು ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಚಿಮ್ಮುತ್ತದೆ, ಒಂದು ಕೇಸು ಗುಂಡನ್ನು ಬಿಗಿಯಾಗಿ ಹಿಡಿದರೆ ಇನ್ನೊಂದು ಸಡಿಲವಾಗಿ. ಐದು ಸಲ ಹೊಡೆದ ಕೇಸನ್ನೂ ಒಂದೇ ಸಲ ಹೊಡೆದ ಕೇಸನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟವನ ವೇಗದ ಅಂಕಿಗಳು ಚೆಲ್ಲಾಪಿಲ್ಲಿಯಾಗುವುದು ಸಹಜ. ಪರಿಹಾರವೆಂದರೆ ಕತ್ತು ಮತ್ತು ಭುಜದ ಭಾಗವನ್ನಷ್ಟೇ ಕೆಲವು ಸೆಕೆಂಡು ಕಾಯಿಸಿ ಹದಕ್ಕೆ ತರುವುದು. ಗ್ಯಾಸ್ ಜ್ವಾಲೆಯಲ್ಲಿ ಕೇಸನ್ನು ತಿರುಗಿಸುತ್ತ ಕಾಯಿಸುವವರಿದ್ದಾರೆ. ನ್ಯೂಜಿಲೆಂಡಿನ ಎಎಂಪಿಯಂಥ ಇಂಡಕ್ಷನ್ ಯಂತ್ರ ಬಳಸುವವರೂ ಇದ್ದಾರೆ. ಬಿಸಿ ಬುಡದವರೆಗೆ ಇಳಿಯಕೂಡದು. ಬುಡದ ಹಿತ್ತಾಳೆ ಮೆತ್ತಗಾದರೆ ಮುಂದಿನ ಈಡಿನ ಒತ್ತಡಕ್ಕೆ ಅದು ಬಿಟ್ಟುಕೊಟ್ಟು, ಬಿಸಿ ಅನಿಲ ಗುರಿಕಾರನ ಮುಖಕ್ಕೇ ಬಡಿದೀತು.

ಹಿತ್ತಾಳೆಯನ್ನು ಕಾಯಿಸಿ ಹದಗೊಳಿಸಬೇಕು ಎಂಬ ಪಾಠಕ್ಕೂ ಭಾರತದ ಮಳೆಗಾಲಕ್ಕೂ ನಂಟಿದೆ. ಬ್ರಿಟಿಷ್ ಸೇನೆಯ ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಶೇಖರಿಸಿಡುತ್ತಿದ್ದಾಗ ಅವು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಕಾಯಿಲೆ ಎಂದೇ ಅದಕ್ಕೆ ಹೆಸರಿಟ್ಟರು. ಕುದುರೆ ಮೂತ್ರದಿಂದ ಏಳುವ ಅಮೋನಿಯ, ತೇವ, ಕೇಸನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದುಕೊಂಡ ಒತ್ತಡ ಈ ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ ಎಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮಾಲಿನ್‌ಸನ್ ಎಂಬ ಸಂಶೋಧಕರು ವಿವರಿಸಿದರು. ಕಾಯಿಸಿ ಆ ಒಳಒತ್ತಡವನ್ನು ಬಿಡಿಸುವುದೇ ಮದ್ದಾಯಿತು. ಇಂದಿಗೂ ಅಮೋನಿಯ ಬೆರೆತ ಪಾಲಿಷ್‌ನಿಂದ ಕೇಸು ಉಜ್ಜಬಾರದೆಂದು ತೋಟೆ ತುಂಬುವವರು ಎಚ್ಚರಿಸುವುದಕ್ಕೆ ಮೂಲ ಅಲ್ಲಿದೆ.

ಕತ್ತಿನ ಒಳಮೈಯೂ ಅಷ್ಟೇ ಮುಖ್ಯ. ಹೊಡೆದ ಕೇಸಿನ ಕತ್ತಿನಲ್ಲಿ ತೆಳುವಾದ ಇದ್ದಿಲ ಪದರ ಉಳಿದಿರುತ್ತದೆ. ಅದು ಜಾರುಪುಡಿಯ ಕೆಲಸ ಮಾಡುತ್ತದೆ. ಕನ್ನಡಿಯಂತೆ ಹೊಳೆಯುವ ಹಾಗೆ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದು ಅದನ್ನು ತೆಗೆದುಹಾಕಿದರೆ ಬರಿ ಹಿತ್ತಾಳೆಗೆ ಗುಂಡಿನ ತಾಮ್ರ ಉಜ್ಜಿಕೊಂಡು ಕಚ್ಚುತ್ತದೆ, ತಿಂಗಳುಗಟ್ಟಲೆ ಇಟ್ಟ ತೋಟೆಯಲ್ಲಿ ಎರಡೂ ಅಂಟಿಕೊಂಡೇಬಿಡುವುದುಂಟು. ಗುಂಡು ಒತ್ತುವ ಕೈಪ್ರೆಸ್ಸಿಗೆ ಬಲಮಾಪಕ ಕಟ್ಟಿಕೊಂಡು ಕುಳಿತವರನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಗುಂಡು ಬೆಣ್ಣೆಯಂತೆ ಇಳಿಯುತ್ತದೆ, ಮುಂದಿನದು ಕರಕರ ಎನ್ನುತ್ತ ಮುಳ್ಳನ್ನು ಮೇಲಕ್ಕೆ ಹಾರಿಸುತ್ತದೆ. ಜಾಣರು ಆ ಎರಡನೆಯದನ್ನು ಪಕ್ಕಕ್ಕೆ ತೆಗೆದಿಟ್ಟು, ಗುರಿ ಹೊಂದಿಸಿಕೊಳ್ಳುವ ಮೊದಲ ಈಡುಗಳಿಗೆ ಬಳಸುತ್ತಾರೆ. ಕತ್ತಿನೊಳಗೆ ಗ್ರಾಫೈಟ್ ಪುಡಿ ಸವರುವುದು, ಮ್ಯಾಂಡ್ರೆಲ್ ತೂರಿಸಿ ಒಳ ಅಡ್ಡಳತೆಯನ್ನು ಗುಂಡಿಗಿಂತ ಇಂಚಿನ ಸಾವಿರದ ಎರಡು ಭಾಗದಷ್ಟು ಚಿಕ್ಕದಾಗಿ ಹಿಡಿಯುವುದು ಈಗ ಸಾಮಾನ್ಯ ಪದ್ಧತಿ.

ಕೇಸಿನೊಳಗಿನ ಜಾಗವನ್ನು ಅಳೆಯುವುದು ನೀರಿನಿಂದ. ಹಳೆಯ ಕೇಪನ್ನು ಬುಡದಲ್ಲೇ ಬಿಟ್ಟು, ಖಾಲಿ ಕೇಸನ್ನು ತೂಗಿ, ಬಾಯಿಮಟ್ಟ ನೀರು ತುಂಬಿ ಮತ್ತೆ ತೂಗಿದರೆ ವ್ಯತ್ಯಾಸವೇ ಅದರ ಗಾತ್ರ. ಅಷ್ಟು ತಾಳ್ಮೆ ಇಲ್ಲದವರು ಕೇಸುಗಳನ್ನು ಬರೀ ತೂಕದ ಮೇಲೆ ವಿಂಗಡಿಸುತ್ತಾರೆ. ಲೋಹ ಹೆಚ್ಚಿದ್ದಲ್ಲಿ ಜಾಗ ಕಡಿಮೆ ಎಂಬ ತರ್ಕ ಪೂರ್ತಿ ಸುಳ್ಳಲ್ಲ, ಆದರೆ ಹೆಚ್ಚಿನ ಲೋಹ ಬುಡದ ಅಂಚಿನಲ್ಲಿದ್ದರೆ ಒಳಗಿನ ಜಾಗಕ್ಕೇನೂ ಆಗಿರುವುದಿಲ್ಲ. ಒಂದೇ ತಯಾರಕರ ಒಂದೇ ಲಾಟಿನ ಒಳ್ಳೆಯ ಕೇಸುಗಳನ್ನು ಕೊಂಡು, ಅವುಗಳಿಗೆ ಒಟ್ಟಿಗೇ ವಯಸ್ಸಾಗಲು ಬಿಡುವುದು ಇದಕ್ಕಿಂತ ಫಲಕಾರಿ. ಗುಂಡುಗಳ ತೂಕದ ವಿಚಾರದಲ್ಲಿ ಹೇಳಲು ಹೆಚ್ಚಿಲ್ಲ: ಸ್ಪರ್ಧೆಗೆಂದು ಮಾಡಿದ ಗುಂಡುಗಳ ತೂಕದ ವ್ಯತ್ಯಾಸ ವೇಗದ ಮೇಲೆ ಬೀರುವ ಪ್ರಭಾವ ನಗಣ್ಯ.

ಕೇಪಿನ ಕತೆ ಬೇರೆ. ಮನೆಯಲ್ಲಿ ತೋಟೆ ತುಂಬುವುದು ಸಾಧ್ಯವಾದದ್ದೇ 1866ರ ಬಾಕ್ಸರ್ ಕೇಪಿನಿಂದ ಎನ್ನಬಹುದು. ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರ್ ವಿನ್ಯಾಸದಲ್ಲಿ ಕಿಡಿ ಹಾಯುವ ರಂಧ್ರ ಒಂದೇ, ಅದೂ ನಡುವೆ. ಬಾಯಿಂದ ಕಡ್ಡಿ ತೂರಿ ಹಳೆಯ ಕೇಪನ್ನು ಒತ್ತಿ ಬೀಳಿಸಬಹುದು. ಅದೇ ವರ್ಷ ಅಮೆರಿಕದ ಹೈರಮ್ ಬರ್ಡನ್ ಮಾಡಿದ ಕೇಪಿಗೆ ರಂಧ್ರಗಳು ಎರಡು, ನಡುವೆ ಗಟ್ಟಿ ಮೊಳೆ, ತೆಗೆಯುವುದು ತ್ರಾಸ. ವಿಚಿತ್ರವೆಂದರೆ ಇಂಗ್ಲಿಷನ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕನ್ನನದು ಯುರೋಪಿನಲ್ಲಿ. ವೇಗದ ದೃಷ್ಟಿಯಿಂದ ಗಮನಿಸಬೇಕಾದದ್ದು ಕೇಪಿನ ಗಾತ್ರ. .308ಕ್ಕೆ ವಾಡಿಕೆಯಂತೆ ದೊಡ್ಡ ಕೇಪು ಬಳಸುತ್ತಾರೆ. ಫಿನ್ಲೆಂಡಿನ ಲಪುವಾ ಕಂಪನಿ ದೂರದ ಗುರಿಯ ಪಾಲ್ಮಾ ಸ್ಪರ್ಧೆಗಾಗಿ ಚಿಕ್ಕ ಕೇಪಿನ .308 ಕೇಸು ತಯಾರಿಸಿತು. ಮೆತ್ತನೆಯ ಕಿಡಿ ಮದ್ದನ್ನು ಹೊತ್ತಿಸುವ ಮೊದಲೇ ಗುಂಡನ್ನು ತಳ್ಳಿಬಿಡುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ. ಅನೇಕರ ಕೈಯಲ್ಲಿ ಏರಿಳಿತ ತಗ್ಗಿದ್ದೂ ನಿಜ. ಕೇಪನ್ನು ಗುಳಿಯ ತಳಕ್ಕೆ ಮುಟ್ಟುವಂತೆ, ಪ್ರತಿ ಸಲವೂ ಒಂದೇ ಆಳಕ್ಕೆ ಕೂರಿಸಬೇಕು. ಅರ್ಧ ಕೂತ ಕೇಪಿಗೆ ಸೂಜಿ ಬಡಿದರೆ ಹೊಡೆತದ ಒಂದು ಪಾಲು ಅದನ್ನು ಕೂರಿಸುವುದಕ್ಕೇ ಖರ್ಚಾಗುತ್ತದೆ.

ಮದ್ದು ಕೇಸಿನ ತುಂಬ ಇಲ್ಲದಿದ್ದರೆ ಇನ್ನೊಂದು ತಾಪತ್ರಯ. ರೈಫಲ್ಲಿನ ಮೂತಿ ಮೇಲೆತ್ತಿ, ಮೆಲ್ಲನೆ ಇಳಿಸಿ ಹೊಡೆದರೆ ಮದ್ದು ಕೇಪಿನ ಬಳಿ ರಾಶಿ ಬಿದ್ದಿರುತ್ತದೆ. ಮೂತಿ ಕೆಳಗೆ ಮಾಡಿ ಎತ್ತಿ ಹೊಡೆದರೆ ಮದ್ದೆಲ್ಲ ಗುಂಡಿನ ಹಿಂದೆ. ಇವೆರಡರ ನಡುವೆ ವೇಗಮಾಪಕ ಹತ್ತಾರು ಅಡಿಯ ವ್ಯತ್ಯಾಸ ತೋರಿಸಬಲ್ಲದು. ಆದ್ದರಿಂದಲೇ ಕೇಸಿನ ಜಾಗದ ಶೇ. 90ರಿಂದ 100ರಷ್ಟು ತುಂಬುವಂಥ ಮದ್ದನ್ನು ಆಯ್ದುಕೊಳ್ಳುವುದು. ಯಂತ್ರ, ಹಣ ಯಾವುದೂ ಬೇಡದ ಈ ಆಯ್ಕೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಇನ್ನು ಬಿಸಿಲು. ಮದ್ದು ಬಿಸಿಯಾದಷ್ಟೂ ಜೋರಾಗಿ ಉರಿಯುತ್ತದೆ. 1889ರಲ್ಲಿ ಏಬೆಲ್ ಮತ್ತು ಡ್ಯೂವರ್ ರೂಪಿಸಿದ ಕಾರ್ಡೈಟ್ ಈ ವಿಷಯದಲ್ಲಿ ಕುಖ್ಯಾತ. ಅದರ ಮೊದಲ ರೂಪದಲ್ಲಿ ಶೇ. 58 ನೈಟ್ರೊಗ್ಲಿಸರಿನ್ ಇತ್ತು. ಭಾರತ ಮತ್ತು ಆಫ್ರಿಕಾದ ಬೇಟೆಗಾರರಿಗೆಂದು ಕೈನಾಕ್‌ನಂಥ ಬ್ರಿಟಿಷ್ ಕಂಪನಿಗಳು ಮದ್ದು ಕಡಿಮೆ ಹಾಕಿದ ಉಷ್ಣವಲಯದ ತೋಟೆಗಳನ್ನೇ ಬೇರೆಯಾಗಿ ಮಾರುತ್ತಿದ್ದವು. ಲಂಡನ್ನಿನ ಚಳಿಯಲ್ಲಿ ಹದವಾಗಿದ್ದ ಮಾಮೂಲಿ ತೋಟೆ ಇಲ್ಲಿನ ಏಪ್ರಿಲ್ ಬಿಸಿಲಲ್ಲಿ ಕಾದು ಕೇಸನ್ನು ಚೇಂಬರಿನಲ್ಲೇ ಕಚ್ಚಿಸಿಬಿಡುತ್ತಿತ್ತು. ಈಗ ಉಷ್ಣತೆಗೆ ಅಷ್ಟಾಗಿ ಕೆರಳದ ಮದ್ದುಗಳು ಬಂದಿವೆ. ಹಾಡ್ಜ್‌ಡನ್ ಕಂಪನಿ ಮಾರುವ, ಆಸ್ಟ್ರೇಲಿಯದಲ್ಲಿ ತಯಾರಾಗುವ ವಾರ್ಗೆಟ್ ಅವುಗಳಲ್ಲಿ ಹೆಸರುವಾಸಿ. ಹಾಗಿದ್ದೂ ಹತ್ತು ಹದಿನೈದು ಈಡು ಹೊಡೆದು ಸುಡುತ್ತಿರುವ ಚೇಂಬರಿನಲ್ಲಿ ಒಂದು ತೋಟೆಯನ್ನು ಎರಡು ನಿಮಿಷ ಬಿಟ್ಟು, ಗಾಳಿ ನಿಲ್ಲಲೆಂದು ಕಾಯುತ್ತ ಕೂತರೆ ಆ ಗುಂಡು ಉಳಿದವುಗಳಿಗಿಂತ ಮೇಲೆ ಹೋಗಿ ಕೂರುತ್ತದೆ. ತೇವವೂ ಆಟ ಆಡುತ್ತದೆ: ಮುಚ್ಚಳ ತೆರೆದಿಟ್ಟ ಮದ್ದು ಒಣಹವೆಯಲ್ಲಿ ತೇವ ಕಳೆದುಕೊಂಡು ಚುರುಕಾಗುತ್ತದೆ, ಜಡಿಮಳೆಯ ಹವೆಯಲ್ಲಿ ತೇವ ಹೀರಿ ಮಂದವಾಗುತ್ತದೆ. ತಿಂಗಳ ಹಿಂದೆ ತುಂಬಿದ ತೋಟೆಗೂ ಇವತ್ತು ತುಂಬಿದ್ದಕ್ಕೂ ವೇಗ ಹೊಂದದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡಬ್ಬಿಯ ಮುಚ್ಚಳವನ್ನು.

ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ರೈಫಲ್ಲಿನ ಪರಿಚಯವಾದದ್ದು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳಿಂದ. ಬೆಂಗಳೂರಿನ ಆಂಡರ್ಸನ್ ನೆಚ್ಚಿಕೊಂಡಿದ್ದ .405 ವಿಂಚೆಸ್ಟರ್‌ಗೆ ಈ ಲೇಖನದ ಚಿಂತೆಗಳು ತಟ್ಟಿರಲಾರವು. ಮರದ ಮೇಲಿನ ಮಚಾನಿನಿಂದ ಮೂವತ್ತು ನಲವತ್ತು ಹೆಜ್ಜೆ ದೂರದ ನರಭಕ್ಷಕಕ್ಕೆ ಹೊಡೆಯುವಾಗ ವೇಗ 50 ಅಡಿ ಏರುಪೇರಾದರೂ ಏನೂ ಆಗುವುದಿಲ್ಲ. ತೋಟೆ ಸಿಡಿದರೆ ಸಾಕು. ಹತ್ತಿರದ ಗುರಿಗೆ ವೇಗದ ಏರಿಳಿತ ಲೆಕ್ಕಕ್ಕಿಲ್ಲ ಎಂಬುದನ್ನು 100–200 ಗಜದ ಬೆಂಚ್‌ರೆಸ್ಟ್ ಸ್ಪರ್ಧೆಯವರೂ ಬಲ್ಲರು. ಗುಂಡಿನ ಮೇಲೆ ಗುಂಡು ಕೂರಿಸುವ ಆ ನಿಪುಣರಲ್ಲಿ ಬಹಳ ಮಂದಿ ಮದ್ದನ್ನು ತೂಗುವುದೇ ಇಲ್ಲ, ಕಲ್ವರ್ ಮಾದರಿಯ ಅಳತೆಯುಪಕರಣದ ಹಿಡಿ ತಿರುಗಿಸಿ ಗಾತ್ರದ ಲೆಕ್ಕದಲ್ಲಿ ಸುರಿದುಕೊಳ್ಳುತ್ತಾರೆ.

ವೇಗಮಾಪಕ ತೋರಿಸುವ ಅಂಕಿಯನ್ನು ಓದುವುದರಲ್ಲಿ ಆಗುವ ತಪ್ಪೇ ಈ ಹವ್ಯಾಸದ ದೊಡ್ಡ ರೋಗ. ಐದು ಗುಂಡು ಹೊಡೆದು, ಮಾನಕ ವಿಚಲನೆ 4 ಬಂತೆಂದು ಹಿಗ್ಗುವವರಿಗೆ ಸಂಖ್ಯಾಶಾಸ್ತ್ರ ಹೇಳುವುದು ಇಷ್ಟು: ಐದರ ಮಾದರಿಯಿಂದ ಸಿಕ್ಕ ಅಂಕಿಗೆ ಶೇ. 95 ಭರವಸೆಯ ವ್ಯಾಪ್ತಿ ಅದರ 0.6ರಷ್ಟರಿಂದ 2.9ರಷ್ಟರವರೆಗೆ ಹಬ್ಬಿರುತ್ತದೆ. ಅಂದರೆ ಆ 4, ನಿಜದಲ್ಲಿ 2.4 ಇರಬಹುದು, 11 ಮೀರಿಯೂ ಇರಬಹುದು. ಮೂವತ್ತು ಗುಂಡು ಹೊಡೆದರೆ ವ್ಯಾಪ್ತಿ 0.8ರಿಂದ 1.34ಕ್ಕೆ ಕಿರಿದಾಗುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವಿನ ಅಂತರವಂತೂ ಇನ್ನೂ ಮೋಸಗಾರ. ಅದೇ ತೋಟೆಯಲ್ಲಿ ಐದು ಗುಂಡಿಗೆ ಆ ಅಂತರ ಸರಾಸರಿ ಮಾನಕ ವಿಚಲನೆಯ 2.3 ಪಟ್ಟು, ಇಪ್ಪತ್ತಕ್ಕೆ 3.7 ಪಟ್ಟು. ಹೆಚ್ಚು ಹೊಡೆದಷ್ಟೂ ಅಂಕಿ ಕೆಟ್ಟದಾಗಿ ಕಾಣುವುದರಿಂದ ಕೆಲವರು ಚೆನ್ನಾಗಿರುವಾಗಲೇ ನಿಲ್ಲಿಸಿಬಿಡುತ್ತಾರೆ! ಮದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹಂತಕ್ಕೊಂದು ಗುಂಡು ಹೊಡೆದು, ಎಲ್ಲಿ ವೇಗ ಏರದೆ ನಿಂತಿತೋ ಅದೇ ಸಿಹಿ ತಾಣ ಎಂದು ಸಾರುವ ಪದ್ಧತಿಯೂ ಇದೆ. ಆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ತಾಣ ಬೇರೆಡೆ ಕಾಣಿಸಿಕೊಳ್ಳುವುದೇ ಹೆಚ್ಚು. ಮದ್ದು ಹೆಚ್ಚಿಸಿದರೆ ವೇಗ ಏರಲೇಬೇಕು; ನಡುವಿನ ಸಮತಟ್ಟು ಬಹುಪಾಲು ಆಕಸ್ಮಿಕ.

ಹೊಸ ನಳಿಗೆಯಲ್ಲಿ ಪರೀಕ್ಷೆ ಮಾಡುವವರೂ ಎಚ್ಚರದಿಂದಿರಬೇಕು. ಮೊದಲ ನೂರು ನೂರೈವತ್ತು ಈಡುಗಳಲ್ಲಿ ಅನೇಕ ನಳಿಗೆಗಳ ವೇಗ ತಾನಾಗಿಯೇ ಏರಿ ಆಮೇಲೆ ನೆಲೆಗೊಳ್ಳುತ್ತದೆ. ಚೆನ್ನಾಗಿ ಒರೆಸಿದ ನಳಿಗೆಯ ಮೊದಲ ಗುಂಡುಗಳೂ ಉಳಿದವುಗಳ ಜೊತೆ ಹೊಂದುವುದಿಲ್ಲ.

ವೇಗದ ಏರಿಳಿತವನ್ನು ರೈಫಲ್ಲೇ ನುಂಗಿಕೊಂಡ ಉದಾಹರಣೆಯೂ ಉಂಟು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ತೂಗಿದ, ಬಂಗಾಳದ ಈಶಾಪುರದಲ್ಲಿ ತಯಾರಾಗುತ್ತಿದ್ದ .303 ಲೀ-ಎನ್‌ಫೀಲ್ಡ್ ಹತ್ತಿರದ ಗುರಿಯಲ್ಲಿ ಸಾಧಾರಣ, 800–1,000 ಗಜದಲ್ಲಿ ಆಶ್ಚರ್ಯಕರ ಎಂಬ ಹೆಸರು ಪಡೆದಿತ್ತು. ಅದರ ಬೋಲ್ಟು ಬೀಗ ಹಾಕಿಕೊಳ್ಳುವುದು ಹಿಂದುಗಡೆ. ಈಡು ಹಾರಿದಾಗ ನಳಿಗೆ ಲಂಬವಾಗಿ ನಡುಗುತ್ತದೆ. ನಿಧಾನದ ಗುಂಡು ತುಸು ತಡವಾಗಿ ಹೊರಬೀಳುವಷ್ಟರಲ್ಲಿ ಮೂತಿ ಇನ್ನೊಂದಿಷ್ಟು ಮೇಲೆದ್ದಿರುತ್ತದೆ. ಕಡಿಮೆ ವೇಗದ ಗುಂಡಿಗೆ ಹೆಚ್ಚು ಏರು ಸಿಕ್ಕಿ, ದೂರದಲ್ಲಿ ಎರಡೂ ಒಂದೇ ಕಡೆ ಬೀಳುತ್ತವೆ. ಇಂದಿನ ಸಾವಿರ ಗಜದ ಸ್ಪರ್ಧಿಗಳಲ್ಲಿ ಕೆಲವರು ವೇಗಮಾಪಕವನ್ನು ಮನೆಯಲ್ಲೇ ಬಿಟ್ಟು, ಗುರಿಹಲಗೆಯ ಲಂಬ ಹರಡಿಕೆಯನ್ನಷ್ಟೇ ನೋಡಿ ಮದ್ದು ಹೊಂದಿಸಿಕೊಳ್ಳುವುದು ಇದೇ ಕಾರಣಕ್ಕೆ.

ಈ ಕೆಲಸದಲ್ಲಿ ಅಪಾಯ ಇಲ್ಲವೆನ್ನುವಂತಿಲ್ಲ. .308ರ ಗರಿಷ್ಠ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್. ಅದು ಕೈ-ಮುಖದಿಂದ ಗೇಣು ದೂರದಲ್ಲಿ ಹುಟ್ಟುತ್ತದೆ. ಮದ್ದು ತಯಾರಕರು ಪ್ರಕಟಿಸಿದ ಕೈಪಿಡಿಯ ಕೆಳಗಿನ ಅಂಕಿಯಿಂದಲೇ ಶುರುಮಾಡಬೇಕು, ಒಂದು ಮದ್ದಿನ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು, ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಬೇಕು ಎಂಬ ಕಟ್ಟಳೆಗಳು ಅನುಭವದಿಂದ ಬಂದವು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ರೈಫಲ್ಲಿನ ತೋಟೆ ಕಟ್ಟುವುದಕ್ಕಲ್ಲ. ನಮ್ಮ ಒಲಿಂಪಿಕ್ ಗುರಿಕಾರರು 50 ಮೀಟರಿನಲ್ಲಿ ಬಳಸುವ .22 ತೋಟೆಯನ್ನಂತೂ ಎಲ್ಲಿಯೂ ಕೈಯಲ್ಲಿ ತುಂಬುವುದಿಲ್ಲ; ಅದರ ಸಿಡಿಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ. ಆ ದೂರದಲ್ಲಿ ವೇಗ 20 ಅಡಿ ತಪ್ಪಿದರೆ ಗುಂಡು ನಾಲ್ಕು ಮಿಲಿಮೀಟರಿನಷ್ಟು ಸರಿಯುತ್ತದೆ, ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ಆದ್ದರಿಂದ ಈ ವಿಭಾಗದ ಸ್ಪರ್ಧಿಗಳು ಬರ್ಮಿಂಗ್‌ಹ್ಯಾಮಿನ ಈಲಿ, ಜರ್ಮನಿಯ ಶೋನೆಬೆಕ್‌ನ ಲಪುವಾ ಪರೀಕ್ಷಾ ಕೇಂದ್ರಗಳಂಥ ಕಡೆಗೆ ರೈಫಲ್ ಒಯ್ದು, ಲಾಟಿನ ಮೇಲೆ ಲಾಟು ಹೊಡೆದು ನೋಡಿ, ತಮ್ಮ ನಳಿಗೆಗೆ ಒಗ್ಗಿದ ಲಾಟಿನ ತೋಟೆಗಳನ್ನು ಆರಿಸಿ ಕೊಳ್ಳುತ್ತಾರೆ.